ಬೇಲಿ ಎಗರುವ ಕುರಿಗೆ ಮಾರಮ್ಮ ಕೊಟ್ಟ ಹೂವು

ಅಮ್ಮನ ಭಕ್ತರೆಲ್ಲರಿಗೂ ಪೆನ್ನಾಗರಂ ಕಡೆಯ ಅಜ್ಜಿಯ ನಮಸ್ಕಾರ. ಫೋನಿನಲ್ಲಿ ಬರೆಯಲು ಮೊನ್ನೆ ಕಲಿತೆ. ತಪ್ಪಿದ್ದರೆ ಫೋನನ್ನೇ ಬೈಯಿರಿ.

ತೊಂಬತ್ತರ ದಶಕದ ನಡುವೆ, ಅಮ್ಮನಿಗೆ ವಿಶೇಷವಾದ ಆಡಿ ತಿಂಗಳ ಒಂದು ಮಂಗಳವಾರ, ನನ್ನ ಮಗಳು ಮಂಜುಳಳ ಬದುಕನ್ನು ನಾನೇ ಕೆಡಿಸಿದೆ. ಚೆನ್ನೈಯಲ್ಲಿ ಕಾರ್ಟೂನ್ ಸಿನಿಮಾ ಮಾಡುವ ಕಂಪನಿಯೊಂದು ಅವಳನ್ನು ಮರುದಿನಕ್ಕೆ ಕರೆದಿತ್ತು. ಬೇಲಿ ಎಗರುವ ಕುರಿಯನ್ನು ಬರೆದು ತರಬೇಕಿತ್ತು. ಕೆಲಸ ಸಿಗದಿದ್ದರೆ ಪಾಲಕೋಡಿನ ವರನನ್ನು ಒಪ್ಪಬೇಕೆಂದು ಅವಳ ಅಪ್ಪ ಹೇಳಿಬಿಟ್ಟಿದ್ದರು.

ಅವಳು ಸ್ನಾನಕ್ಕೆ ಹೋದಾಗ ಮೇಜು ಒರೆಸಿದೆ. ಐವತ್ತಕ್ಕೂ ಹೆಚ್ಚು ಹಾಳೆ, ಎಲ್ಲದರಲ್ಲೂ ಒಂದೇ ಕುರಿ. ಪಾಪ, ಸರಿಬರದೆ ಬರೆದು ಬರೆದು ಸೋತಿದ್ದಾಳೆ ಎಂದುಕೊಂಡೆ. ಚೆನ್ನಾಗಿದ್ದ ಒಂದನ್ನು ಇಟ್ಟು, ಉಳಿದವನ್ನು ಮಾರಮ್ಮನ ಗುಡಿಯ ಗೂಡಿನಲ್ಲಿಟ್ಟು ಬಂದೆ. ವಿಭೂತಿ ಕಟ್ಟಲು ಊರವರು ಹಳೆ ಕಾಗದ ಇಡುವುದು ಅಲ್ಲೇ.

"ಅಮ್ಮಾ, ಮಿಕ್ಕಿದ್ದೆಲ್ಲಾ ಎಲ್ಲಿ?" ಎಂದಳು ಸ್ನಾನ ಮುಗಿಸಿ ಬಂದ ಮಂಜುಳ.

"ಚೆನ್ನಾಗಿರೋದ್ನ ಇಟ್ಟಿವ್ನಲ್ಲೇ."

"ಅವನ್ನೆಲ್ಲಾ ಜೋಡ್ಸಿ ಬಿರ್ರನೆ ತಿರುವಿದ್ರೇನೇ ಕುರಿ ಎಗರೋದು. ಒಂದ್ರಲ್ಲಿ ಕಲ್ಲಂಗೆ ನಿಂತಿರ್ತೈತೆ." ಕಟ್ಟಿದ್ದ ಚೀಲ ಬಿಚ್ಚುತ್ತಾ ಅಂದಳು: "ಓಗ್ಲಿ ಬುಡು. ಸೀರೆ ಎತ್ತಿಡು, ಪಾಲಕೋಡಿಗೇ ಓಗ್ತೀನಿ."

ಚೆನ್ನೈ ರೈಲು ಹಿಡಿಯಲು ಅವಳು ಹತ್ತಬೇಕಿದ್ದ ಸೇಲಂ ಬಸ್ಸಿಗೆ ಇನ್ನೊಂದು ಗಂಟೆ ಇತ್ತು. ಗುಡಿಗೆ ಓಡಿದೆ. ಬರುವವರ ಕೈಯಲ್ಲೆಲ್ಲ ವಿಭೂತಿ ಪೊಟ್ಟಣ. ಹಾಳೆಗಳೆಲ್ಲ ಹರಿದುಹೋದವು ಎಂದುಕೊಂಡೆ. ತಾಯಿ, ತಪ್ಪು ನನ್ನದು, ಅವಳಿಗೆ ಶಿಕ್ಷೆ ಬೇಡ ಎಂದು ಬೇಡಿಕೊಂಡು ಒಳಗೆ ನೋಡಿದರೆ, ಹಾಳೆಗಳೆಲ್ಲ ಅಮ್ಮನ ಪಾದದ ಬಳಿ, ಅಂಚಿಗೆ ಅರಿಶಿನ ಹಚ್ಚಿಸಿಕೊಂಡು ಕೂತಿವೆ.

"ಯಾಕಕ್ಕಾ, ಇಷ್ಟೊಂದು ಕುರಿ? ಮಂದೆಗೆ ಸೀಕಾ?" ಎಂದರು ಪೂಜಾರಿ. ನಮ್ಮ ಕಡೆ ಕುರಿಗೆ ಕಾಯಿಲೆ ಬಂದರೆ ಕುರಿಯ ಬೊಂಬೆಯನ್ನು ಹರಕೆಯಾಗಿ ಒಪ್ಪಿಸುತ್ತೇವೆ. ಇವೂ ಹರಕೆಯೆಂದು ಅವರು ಒಂದನ್ನೂ ಹರಿದಿರಲಿಲ್ಲ.

"ವಾಪಸ್ ಕೊಡಪ್ಪಾ."

"ತಾಯಿಗೆ ಕೊಟ್ಟಿದ್ನ ನಾನೆಂಗೆ ಎತ್ಲಿ? ಅವ್ಳನ್ನೇ ಕೇಳು."

ಅಮ್ಮನ ಎರಡು ಭುಜಕ್ಕೂ ಹೂವಿಟ್ಟರು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಎರಡೂ ಅಂಟಿಕೊಂಡು ಕೂತವು. ಬಸ್ಸಿನ ಹೊತ್ತಾಗುತ್ತಿತ್ತು. ಪೂಜಾರಿ ಅತ್ತ ತಿರುಗಿದಾಗ, ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ, ಬಲಗಡೆಯದನ್ನು ಊದಿ ಬೀಳಿಸೋಣವೆಂದು ಬಾಯಿ ತೆರೆದೆ. ಊದುವ ಮೊದಲೇ ಬಲಗಡೆಯ ಹೂವು ಉದುರಿತು.

ಪೂಜಾರಿ ಕೊಟ್ಟ ಹಾಳೆಗಳೊಂದಿಗೆ ಮಂಜುಳ ಬಸ್ಸು ಹತ್ತಿದಳು, ಕೆಲಸವೂ ಸಿಕ್ಕಿತು. ಮೊದಲು ದೊಡ್ಡವರು ಬರೆದ ಎರಡು ಚಿತ್ರಗಳ ನಡುವಿನವನ್ನು ಬರೆದಳು. ಆಮೇಲೆ ಇಡೀ ದೃಶ್ಯ, ಆಮೇಲೆ ಸಹಾಯಕ ನಿರ್ದೇಶಕಿ. ಈಗ ನಿರ್ದೇಶಕಿ: ಬೇರೆಯವರು ಬರೆಯುತ್ತಾರೆ, ಇವಳು ತಪ್ಪು ಹಿಡಿಯುತ್ತಾಳೆ.

ಅಂದು ನಾನು ಊದಿದ್ದರೆ ಹೂವು ಕೊಟ್ಟದ್ದು ಯಾರೆಂದು ಸಾಯುವವರೆಗೂ ಅನುಮಾನ ಉಳಿಯುತ್ತಿತ್ತು. ಒಂದು ಉಸಿರಿನಷ್ಟು ಮುಂಚೆ ಬಂದು ತಾಯಿ ನನ್ನ ಮಗಳನ್ನೂ ಕಾಯ್ದಳು, ನನ್ನ ಕಳ್ಳ ಬಾಯನ್ನೂ ಕಾಯ್ದಳು. ಅವಳ ಪಾದಕ್ಕೆ ಶರಣು.