ಅರ್ಧ ಮಾತಿನಷ್ಟು ಹಿಂದೆ

ಥೈರಾಯ್ಡ್ ಆಪರೇಷನ್ ಆದ ಮೇಲೆ ಬಹಳ ದಿನ ನನ್ನ ಕತ್ತಿನ ಮುಂಭಾಗ ನನ್ನದಾಗಿರಲಿಲ್ಲ. ಹೊಲಿಗೆಯ ಗೆರೆಯ ಸುತ್ತ ಬೆರಳಿಟ್ಟರೆ ಬೆರಳಿಗೆ ಕತ್ತು ಸಿಗುತ್ತಿತ್ತು, ಕತ್ತಿಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಅದು ತಾನೇ ಸರಿಹೋಗುತ್ತದೆ ಎಂದರು ಮೈಸೂರಿನ ಡಾಕ್ಟರು. ದನಿಯ ವಿಷಯ ಕೇಳಿದಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಗಡ್ಡೆ ನರಕ್ಕೆ ಅಂಟಿಕೊಂಡು ಬೆಳೆದಿತ್ತಂತೆ, ಬಿಡಿಸುವಾಗ ನರಕ್ಕೆ ಪೆಟ್ಟಾಗಿದೆಯಂತೆ. ವರ್ಷದೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಷ್ಟೇ. ನಾನು ತಲೆಯಾಡಿಸಿದೆ. ಪಕ್ಕದ ಮನೆಯವರ ರೇಷನ್ ಕಾರ್ಡಿನ ತಾಪತ್ರಯ ಕೇಳಿಸಿಕೊಂಡ ಹಾಗೆ ಅದನ್ನು ಕೇಳಿಸಿಕೊಂಡೆ.

ನೋಡಲು ಬಂದವರೆಲ್ಲ ನನಗಿಂತ ಹೆಚ್ಚು ನೊಂದುಕೊಂಡರು. ಯಳಂದೂರಿನಿಂದ ಬಂದ ನಾದಿನಿ ಬಾಗಿಲಲ್ಲೇ ಗೊಳೋ ಎಂದಳು. ನಾನೇ ಅವಳನ್ನು ಕೂರಿಸಿ, ನೀರು ಕೊಟ್ಟು, ಬೆನ್ನು ಸವರಬೇಕಾಯಿತು.

"ನಿಮ್ಗೇನೂ ಅನ್ನುಸ್ದೇ ಇಲ್ವಾ ಅತ್ತಿಗೆ?" ಎಂದಳು ಮೂಗೊರೆಸಿಕೊಳ್ಳುತ್ತಾ.

ಅನಿಸುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ. ಅವಳಿಗೆ ಕೇಳಿಸಲಿಲ್ಲ. ನನ್ನ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ, ಅದರ ಅಂಚಿಗೆ ಒಂದಿಷ್ಟು ಗೊರಗೊರ.

ನಾನು ಹನೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಕೊಳ್ಳೇಗಾಲದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ರಜೆ ಮುಗಿಸಿ ಹೊರಟ ಮೊದಲ ದಿನ, ಮಾದಪ್ಪನ ಬೆಟ್ಟಕ್ಕೆ ಹೋಗುವವರ ಗಂಟುಮೂಟೆಗಳ ನಡುವೆ ನಿಂತು ಊರಿನ ಹೆಸರು ಹೇಳಿದೆ. ಕಂಡಕ್ಟರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನು ನನ್ನ ಕತ್ತಿನ ಬ್ಯಾಂಡೇಜು ನೋಡಿ, ಬೆಟ್ಟದವರೆಗೆ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಈ ಸ್ಥಿತಿಯಲ್ಲಿ ಮಾದಪ್ಪನ ಹತ್ತಿರವಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ ಎಂದುಕೊಂಡಿರಬೇಕು, ಪುಣ್ಯಾತ್ಮ.

ಆಪರೇಷನ್ನಿಗೆ ಮುಂಚೆ ನನ್ನ ದನಿ ಹೇಗಿತ್ತೆಂದು ಹೇಳಿದರೆ ಜಂಭ ಎನ್ನುತ್ತೀರಿ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮೈಕಾಸುರಿ ಎನ್ನುತ್ತಿದ್ದರು ಎಂದರೆ ಸಾಕು. ಅರವತ್ತು ಮಕ್ಕಳ ಕ್ಲಾಸನ್ನು ಬೆತ್ತ ಮುಟ್ಟದೆ, ಮೇಜು ಕುಟ್ಟದೆ ಹಿಡಿದಿಡುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಯಾರಾದರೂ ಹುಣಸೆಹಣ್ಣು ಚೀಪಿದರೆ, ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಎಸೆದರೆ ಆಯಿತು, ಬೀಜ ಗಂಟಲಲ್ಲೇ ನಿಲ್ಲುತ್ತಿತ್ತು.

ಹೆಡ್ಮಾಸ್ಟರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ನನ್ನನ್ನು ಕೂರಿಸಿಕೊಂಡು ಹೇಳಿದರು. "ನೋಡಿ ಮೇಡಂ, ಈ ಗಂಟ್ಲು ಇಟ್ಕಂಡು ಅಷ್ಟು ಮಕ್ಳನ್ನ ಎಂಗೆ ಸುಧಾರಿಸ್ತೀರಿ? ಹನೂರಲ್ಲಿ ಆಫೀಸ್ ಕೆಲ್ಸಕ್ಕೆ ಆಕಿಸ್ಕೊಡ್ತೀವಿ ಅಂತಾವ್ರೆ ಮೇಲ್ನೋರು. ಫ್ಯಾನ್ ಕೆಳಗೆ ಕೂತ್ಕಂಡು ಟಪಾಲು ನೋಡ್ಕಂಡಿರಿ. ನಿಮ್ ಒಳ್ಳೇದಕ್ಕೇ ಯೋಳ್ತಿರೋದು."

ಬೇಡ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಆ ದಿನಗಳಲ್ಲಿ ನನಗೆ ಊಟ ಬೇಕು ಅನಿಸುತ್ತಿರಲಿಲ್ಲ, ನಿದ್ದೆ ಬೇಕು ಅನಿಸುತ್ತಿರಲಿಲ್ಲ. ಕ್ಲಾಸು ಬಿಡಬಾರದು ಅನ್ನುವುದೊಂದು ಮಾತ್ರ ಅನಿಸುತ್ತಿತ್ತು. ಅದೂ ಆಸೆಯ ಹಾಗಿರಲಿಲ್ಲ, ಹಠದ ಹಾಗಿತ್ತು. ಹೆಡ್ಮಾಸ್ಟರು ನಿಟ್ಟುಸಿರು ಬಿಟ್ಟು, ಮುಂದಿನ ತಿಂಗಳು ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ಬಂದು ನನ್ನ ಒಂದು ಪಾಠ ನೋಡುತ್ತಾರೆಂದೂ, ಕೊನೆಯ ಬೆಂಚಿಗೆ ಕೇಳಿಸಿದರೆ ಇಲ್ಲೇ ಉಳಿಸುತ್ತಾರೆಂದೂ, ಇಲ್ಲದಿದ್ದರೆ ತಾವೇನೂ ಮಾಡಲಾಗದೆಂದೂ ಹೇಳಿದರು.

ಒಂಬತ್ತನೇ ತರಗತಿಯಲ್ಲಿ ಒಂದು ಕಂಪ್ಯೂಟರು, ಗೋಡೆಯ ಮೇಲೆ ಎರಡು ಸ್ಪೀಕರು ಇದ್ದವು. ಗಣಿತದ ಮೇಷ್ಟ್ರು ತಮ್ಮ ಬ್ಲೂಟೂತ್ ಮೈಕನ್ನು ತಂದು ಕಂಪ್ಯೂಟರಿಗೆ ಹೊಂದಿಸಿಕೊಟ್ಟರು. ಅದನ್ನು ಕಿವಿಗೆ ಸಿಕ್ಕಿಸಿಕೊಂಡರೆ ಅದರ ಕಡ್ಡಿ ಬಾಯಿಯ ಪಕ್ಕಕ್ಕೆ ಬರುತ್ತಿತ್ತು. ನಾನು "ಕಾವೇರಿ ನದಿಯು" ಎಂದೆ. ಒಂದು ಕ್ಷಣ ಏನೂ ಇಲ್ಲ. ನಾನು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಗೋಡೆಯಿಂದ ಯಾರೋ ಹೆಂಗಸು ಗೊಗ್ಗರು ದನಿಯಲ್ಲಿ "ಕಾವೇರಿ ನದಿಯು" ಎಂದಳು. ನನ್ನ ನಾಲಿಗೆ ತೊಡರಿತು.

ತಡ ಅಂದರೆ ಬಹಳ ತಡವಲ್ಲ, ಅರ್ಧ ಮಾತಿನಷ್ಟು. ಆದರೆ ತನ್ನ ಮಾತೇ ಅಷ್ಟು ಹಿಂದೆ ಬಿದ್ದು ಬೆನ್ನಟ್ಟಿಕೊಂಡು ಬಂದರೆ ಎಂಥ ವಾಚಾಳಿಯೂ ತೊದಲುತ್ತಾಳೆ. ನಂಬಿಕೆಯಿಲ್ಲದಿದ್ದರೆ ಮಾಡಿ ನೋಡಿ. ಬಾಯಿಗೆ ಒಂದು ಮಾತು, ಕಿವಿಗೆ ಇನ್ನೊಂದು. ಯಾವುದನ್ನು ಹಿಡಿಯಬೇಕೆಂದು ತಲೆಗೆ ತಿಳಿಯುವುದಿಲ್ಲ.

ನನಗೊಂದು ಉಪಾಯ ಗೊತ್ತಿತ್ತು, ಯಾರೂ ಹೇಳಿಕೊಟ್ಟದ್ದಲ್ಲ. ನಾನು ಹುಟ್ಟಿದ್ದು ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ. ನಡುಮನೆಯಲ್ಲೇ ರೇಷ್ಮೆ ಮಗ್ಗ. ಲಾಳಿ ಓಡಿ ಹಲಗೆಯ ಏಟು ದಡಾರನೆ ಬೀಳುವಾಗ ಮಾತಾಡಿದರೆ ಮಾತು ದಂಡ. ಅದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಎರಡು ಏಟಿನ ನಡುವೆ ಹಿಡಿಸುವಷ್ಟು ಮಾತನ್ನು ಮಾತ್ರ ಆಡುತ್ತಾರೆ. "ಅನ್ನಕ್ಕೆ" ಎಂದು ಅಮ್ಮ ನಿಲ್ಲಿಸುತ್ತಾಳೆ, ಏಟು ಬೀಳುತ್ತದೆ, "ಇಟ್ಟಿದ್ದೀಯೇನವ್ವ" ಎಂದು ಮುಗಿಸುತ್ತಾಳೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇವರಿಗೆಲ್ಲ ಉಬ್ಬಸವೇನೋ ಎಂದುಕೊಂಡಿದ್ದರಂತೆ. ಗೋಡೆಯ ಆ ದನಿಯನ್ನೂ ನಾನು ಮಗ್ಗದ ಏಟೆಂದೇ ತಿಳಿದೆ. ಎರಡು ಮಾತು ಹೇಳುವುದು, ನಿಲ್ಲುವುದು, ಅವಳು ಹೇಳಿ ಮುಗಿಸುವವರೆಗೆ ಕಾಯುವುದು, ಮತ್ತೆರಡು ಮಾತು.

ಪಾಠ ಸಾಗಿತು. ಆದರೆ ಮಕ್ಕಳು ಆ ನಿಲುಗಡೆಯನ್ನು ಬೇರೆಯೇ ಅರ್ಥ ಮಾಡಿಕೊಂಡರು. ಮೇಡಂ ಹೇಳಿಕೊಡುತ್ತಿದ್ದಾರೆ, ನಾವು ತಿರುಗಿ ಹೇಳಬೇಕು ಎಂದುಕೊಂಡರು. "ಕಾವೇರಿ ನದಿಯು" ಎಂದು ನಾನು, "ಕಾವೇರಿ ನದಿಯು" ಎಂದು ಗೋಡೆ, "ಕಾವೇರಿ ನದಿಯೂ..." ಎಂದು ಅರವತ್ತು ಗಂಟಲು. ಮೀಸೆ ಚಿಗುರಿದ ಹುಡುಗರು, ತಮಿಳು ಮನೆಮಾತಿನ ಕಾಡಂಚಿನ ಹುಡುಗಿಯರು, ಎಲ್ಲರೂ ಎರಡನೇ ಕ್ಲಾಸಿನ ಮಗ್ಗಿಯ ರಾಗದಲ್ಲಿ. ತಡೆಯಲು ಕೈ ಎತ್ತಿದೆ. ಇನ್ನೂ ಜೋರಾಗಿ ಹೇಳಿ ಎಂದು ತಿಳಿದು ಕಿರುಚಿದರು. ಹೆಡ್ಮಾಸ್ಟರು ಜಗಲಿಯಲ್ಲಿ ಬಂದು ನಿಂತು, ನೋಡಿ, ತಲೆ ಕೆರೆದುಕೊಂಡು ಹೋದರು.

ಇದು ದಿನದ ಅಭ್ಯಾಸವೇ ಆಗಿಹೋಯಿತು. ಒಂದು ನದಿ ದಾಟುವುದಕ್ಕೆ ಒಂದು ವಾರ. ನನಗೇನೂ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಗೋಡೆಯ ಆ ಹೆಂಗಸು ನನಗೆ ಅನುಕೂಲವಾಗಿದ್ದಳು. ಒಡಕು ದನಿ ಅವಳದು, ನನ್ನದಲ್ಲ. ನಾನು ತುಟಿ ಆಡಿಸಿ ಕೆಲಸ ಮುಗಿಸುತ್ತಿದ್ದೆ, ಆಮೇಲೆ ಅವಳು ಬಂದು ಕೆಟ್ಟದಾಗಿ ಅದನ್ನು ಓದುತ್ತಿದ್ದಳು. ಬೀಡಿ ಸೇದಿ ಸೇದಿ ಗಂಟಲು ಕೆಡಿಸಿಕೊಂಡವಳ ಹಾಗಿದ್ದಾಳೆ ಎಂದು ಮನಸ್ಸಿನಲ್ಲೇ ಅವಳನ್ನು ಆಡಿಕೊಳ್ಳುತ್ತಿದ್ದೆ. ಸಂಜೆ ಕಂಪ್ಯೂಟರು ಆರಿಸಿದರೆ ಅವಳು ಅಲ್ಲೇ ಉಳಿಯುತ್ತಿದ್ದಳು. ಮನೆಯಲ್ಲಿ ನಾನು ಮಾತಾಡುತ್ತಲೇ ಇರಲಿಲ್ಲ.

ಸಾಹೇಬರು ಸೋಮವಾರ ಬರುತ್ತಾರೆಂದು ಗೊತ್ತಾಗಿ, ಹಿಂದಿನ ದಿನ ಭಾನುವಾರ ತವರಿಗೆ ಹೋದೆ. ನನ್ನ ತಮ್ಮ ಈಗ ನೇಯ್ಗೆಯ ಜೊತೆಗೆ ಮೊಬೈಲಿನಲ್ಲಿ ಲೈವ್ ಮಾಡಿ ಸೀರೆ ಮಾರುತ್ತಾನೆ. ಮುಂಬಾಗಿಲ ಕೋಣೆಯಲ್ಲಿ ದೀಪ ಹಾಕಿಕೊಂಡು, ಅಂಗಿಗೆ ಬೆರಳುಗಾತ್ರದ ಮೈಕು ಸಿಕ್ಕಿಸಿಕೊಂಡು, ಎಲ್ಲೋ ಕೂತ ಹೆಂಗಸರನ್ನೆಲ್ಲ ಅಕ್ಕಾ ಅಕ್ಕಾ ಎಂದು ಕರೆಯುತ್ತಾ ಸೆರಗು ಬಿಡಿಸಿ ತೋರಿಸುತ್ತಾನೆ. ಸ್ವಂತ ಅಕ್ಕ ಬಂದು ಬಾಗಿಲಲ್ಲಿ ನಿಂತರೆ ಸ್ವಲ್ಪ ಇರು ಎಂದು ಕೈ ಮಾಡಿದ. ಲೈವ್ ಮುಗಿದ ಮೇಲೆ ನನ್ನ ಕಥೆ ಕೇಳಿ ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನ ಕತ್ತು ನೋಡಿದ.

"ಬ್ಲೂಟೂತ್ನಲ್ಲಿ ಯಾಕ್ ಮಾಡ್ದೆ ಅಕ್ಕ? ಅದು ಪಾರ್ಸೆಲ್ ಸರ್ವೀಸ್ ಕಣಕ್ಕ. ನಿನ್ ಮಾತ್ನ ಮಡ್ಸಿ, ಕಟ್ಟಿ, ಅಲ್ಲಿಗೋದ್ಮೇಲೆ ಬಿಚ್ಚಿ ಕೊಡ್ತದೆ. ತಡ ಆಯ್ತದೆ. ಇದು ಅಂಗಲ್ಲ, ಕೈಯಿಂದ ಕೈಗೆ." ಅಂಗಿಯ ಮೈಕು ತೆಗೆದು, ಅದರ ಜೊತೆಯ ಪುಟ್ಟ ರಿಸೀವರನ್ನೂ ನನ್ನ ಅಂಗೈಯಲ್ಲಿಟ್ಟ. "ಈ ಚೂರ್ನ ಕಂಪ್ಯೂಟರ್ಗೆ ಚುಚ್ಚು, ಅಷ್ಟೇಯ. ಮಾತಾಡ್ದಂಗೇ ಕೇಳ್ತದೆ. ತಕಂಡೋಗು."

"ನಿನ್ನ ವ್ಯಾಪಾರ?" ಎಂದು ತುಟಿಯಲ್ಲೇ ಕೇಳಿದೆ.

"ಎಲ್ಡು ಮೈಕದೆ, ರಿಸೀವರ್ರೂ ಇನ್ನೊಂದದೆ. ನೀ ನಡಿ."

ಇಲ್ಲೇ ನನ್ನ ಮೊಬೈಲಿಗೆ ಹಾಕಿ ಒಂದು ಸಲ ನೋಡು ಎಂದ. ನಾನು ನೋಡಲಿಲ್ಲ. ಏಕೆಂದು ಆಗ ಯೋಚಿಸಲೂ ಇಲ್ಲ.

ಸೋಮವಾರ ಸಾಹೇಬರು ಬಂದು ಕೊನೆಯ ಬೆಂಚಿನಲ್ಲೇ, ಹುಡುಗರ ನಡುವೆ ಕೂತರು. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತರು, ನನಗಿಂತ ಅವರೇ ಹೆಚ್ಚು ಬೆವರಿದ್ದರು. ಗಣಿತದ ಮೇಷ್ಟ್ರು ರಿಸೀವರನ್ನು ಕಂಪ್ಯೂಟರಿಗೆ ಚುಚ್ಚಿ, ಪರದೆಯಲ್ಲಿ ಅದೇನನ್ನೋ ಒತ್ತಿ, ಹೂಂ ಎಂದು ಕಣ್ಣು ಮಿಟುಕಿಸಿ ಹೋದರು. ನಾನು ಮೈಕನ್ನು ಸೆರಗಿನ ಪಿನ್ನಿನ ಪಕ್ಕ ಸಿಕ್ಕಿಸಿಕೊಂಡೆ.

"ಶರಾವತಿ ನದಿಯು" ಎಂದೆ.

ಹಿಂದೆ ಯಾರೂ ಬರಲಿಲ್ಲ. ನನ್ನ ತುಟಿ ಆಡಿದಾಗಲೇ ಕೋಣೆಯ ತುಂಬ ಮಾತು ಇತ್ತು. ನಾನು ಅಭ್ಯಾಸಬಲದಿಂದ ನಿಂತು ಕಾದೆ. ಗೋಡೆಯಿಂದ ಏನೂ ಇಲ್ಲ. ಆ ಖಾಲಿಯೊಳಗೆ ಮಕ್ಕಳು ಒಕ್ಕೊರಲಿನಿಂದ "ಶರಾವತಿ ನದಿಯೂ..." ಎಂದರು.

"ಏನ್ರೀ ಇದು, ಒಂಬತ್ತನೇ ಕ್ಲಾಸೋ ಅಂಗನವಾಡಿಯೋ?" ಎಂದು ಸಾಹೇಬರು ನಕ್ಕರು. ಹೆಡ್ಮಾಸ್ಟರು ಹಣೆ ಒರೆಸಿಕೊಂಡರು.

ನಾನು ಮಕ್ಕಳಿಗೆ ಸುಮ್ಮನಿರಿ ಎಂದೆ. ಕೈ ಎತ್ತದೆ, ಮಾತಿನಲ್ಲೇ ಹೇಳಿದೆ. ಸುಮ್ಮನಾದರು. ಆಮೇಲೆ ನಿಲ್ಲಿಸಲಿಲ್ಲ. ಶರಾವತಿ ಹುಟ್ಟುವುದೆಲ್ಲಿ, ಪಶ್ಚಿಮಕ್ಕೆ ಹರಿಯುವುದೇಕೆ, ನಮ್ಮ ಕಾವೇರಿ ಪೂರ್ವಕ್ಕೆ ಹರಿಯುವುದೇಕೆ, ಎಲ್ಲ ಒಂದರ ಹಿಂದೆ ಒಂದು. ಮಗ್ಗವೂ ಇಲ್ಲ, ಏಟೂ ಇಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಪಾಠ ಮಾಡುತ್ತಲೇ ನನ್ನ ಕಿವಿ ಆ ಹೆಂಗಸನ್ನು ಹುಡುಕುತ್ತಿತ್ತು. ಅವಳ ಗೊಗ್ಗರು ಅಲ್ಲೇ ಇತ್ತು. ಬಿರುಕು ಅಲ್ಲೇ ಇತ್ತು. ಉದ್ದದ ವಾಕ್ಯದ ಕೊನೆಗೆ ಉಸಿರು ಸಾಲದೆ ಮುಗ್ಗರಿಸುವುದೂ ಅಲ್ಲೇ ಇತ್ತು. ಅವಳೊಬ್ಬಳು ಮಾತ್ರ ಇರಲಿಲ್ಲ. ಆದರೂ ಗಂಟೆ ಹೊಡೆಯುವವರೆಗೆ ಪಾಠ ಮಾಡಿದೆ.

ಸಾಹೇಬರು ಎದ್ದು ಬಂದು, "ಕೇಳುಸ್ತದೆ ಕಣಮ್ಮ, ಚೆನ್ನಾಗೇ ಕೇಳುಸ್ತದೆ. ಇಲ್ಲೇ ಇರಿ" ಎಂದರು. ಹೆಡ್ಮಾಸ್ಟರು ಅವರನ್ನು ಟೀಗೆ ಕರೆದುಕೊಂಡು ಹೋಗುವಾಗ ತಿರುಗಿ ನನ್ನ ಕಡೆ ಎರಡೂ ಕೈ ಜೋಡಿಸಿದರು. ನಾನೂ ಜೋಡಿಸಿದೆ. ಬೇಕೆಂದದ್ದು ಸಿಕ್ಕಿತ್ತು. ಸಂತೋಷ ಎಲ್ಲಿದೆ ಎಂದು ಒಳಗೆ ತಡಕಿದೆ, ಸಿಗಲಿಲ್ಲ.

ಮಕ್ಕಳು ಆಟದ ಪೀರಿಯಡ್ಡಿಗೆ ಓಡಿದರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, ಕಾಡಂಚಿನ ಹಳ್ಳಿಯವಳು, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ನಿಂತಳು. ಹೊಗಳುವ ಉತ್ಸಾಹ ಮುಖದಲ್ಲೆಲ್ಲ ಇತ್ತು.

"ಮಿಸ್, ಇಷ್ಟ್ ದಿನ ಗೋಡೆ ಒಳಗಿಂದ ಇನ್ಯಾರೋ ಮಾತಾಡ್ದಂಗಿತ್ತು. ಇವತ್ತು ನೀವೇ ಮಾತಾಡುದ್ರಿ ಮಿಸ್."

ಹೌದು ಎನ್ನಲು ಬಾಯಿ ತೆರೆದೆ. ಆ ದನಿ ನನ್ನದು, ಇನ್ನು ಮುಂದೆ ನನ್ನ ದನಿ ಅಂದರೆ ಅದೇ ಎಂದು ಆಗಲೇ, ಆ ಹುಡುಗಿಯ ಎದುರಿಗೇ, ನನಗೆ ತಿಳಿದದ್ದು. ಅತ್ತುಬಿಟ್ಟೆ. ಸೆರಗಿನ ಮೈಕು ತೆಗೆಯಬೇಕೆಂದು ಹೊಳೆಯಲೇ ಇಲ್ಲ. ನನ್ನ ಗಂಟಲಿಂದ ಅಳು ಹೊರಟಾಗಲೇ ಗೋಡೆಯಿಂದಲೂ ಹೊರಟಿತು, ಒಂದಿಷ್ಟೂ ಹಿಂದೆ ಬೀಳದೆ. ಪಕ್ಕದ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರ ಪಾಠ ನಿಂತಿತು. ಮೈದಾನದಲ್ಲಿ ಮಕ್ಕಳ ಗಲಾಟೆ ನಿಂತಿತು. ಇಡೀ ಸ್ಕೂಲಿಗೆ ಕೇಳಿಸುವ ಹಾಗೆ ನಾನು ಅಳುತ್ತಿದ್ದೆ.