ಸೆರಗು ಕೂಡಿಸುವ ಚಿಗವ್ವ

ತೀರಿಕೊಳ್ಳುವ ಹಿಂದಿನ ದಿನವೂ ಚಿಗವ್ವ ಇಳಕಲ್ಲಿನ ನಮ್ಮ ಮಗ್ಗದ ಮುಂದೆ ಕುಳಿತು, ಸೀರೆಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೂಡಿಸಿದಳು. ಓಣಿಗೆಲ್ಲ ಚಿಗವ್ವನಾದ ಆಕೆ ಕೂಲಿಗೆ ಯಾವ ಮನೆಗೆ ಹೋದರೂ ಎಳೆ ಮುಟ್ಟುವ ಮೊದಲು ಅಲ್ಲಿನ ಹಿರಿಯರನ್ನು ಕೇಳುತ್ತಿದ್ದಳು: “ಉಂಡ್ರೇನ್ರಿ?”

ಕೆಲವು ವರ್ಷಗಳ ಹಿಂದೆ, ವಯಸ್ಸಾಗಿ ಮಗ್ಗದ ಕಂಡಿಕೆಗೆ ನೂಲು ಸುತ್ತಲಾಗದ ನಮ್ಮವ್ವನಿಗೆ ನಾವು ಒಪ್ಪತ್ತು ಮಾತ್ರ ಊಟ ಹಾಕುತ್ತಿದ್ದೆವು. ಒಂದು ದಿನ ಚಿಗವ್ವ ಹಾಗೆ ಕೇಳಿದಾಗ ಅವ್ವ ನನ್ನ ಮುಖ ನೋಡಿದಳು. ಚಿಗವ್ವ ಕೈಕಟ್ಟಿ ಕುಳಿತಳು.

“ನಾಳೆ ಸೀರಿ ಕೊಡಬೇಕು, ಕೂಡಸ ಚಿಗವ್ವ.”

“ಮುದುಕಿನ್ನ ಉಪಾಸ ಕೆಡವಿ ಸೆರಗ ಕೇಳ್ತಿಯೇನೋ ಭಾಡ್ಯಾ? ಮೊದಲ ಆಕಿ ಉಣ್ಣಲಿ.”

ಬೇರೆಯವರನ್ನು ಕರೆದೆ. ಓಣಿಯ ಒಬ್ಬ ಹೆಂಗಸೂ ಬರಲಿಲ್ಲ. ಕೊನೆಗೆ ನಾನೇ ರೊಟ್ಟಿ ಬಡಿಸಿದೆ. ಅವ್ವ ಹೊಟ್ಟೆತುಂಬ ಉಂಡಳು. ಬಾಗಿಲಲ್ಲಿ ನೆರೆದ ಹೆಂಗಸರು ಚಪ್ಪಾಳೆ ತಟ್ಟಿದರು.

ಈಗ ಸೆರಗು ಕೂಡಿಸುವವರೆಲ್ಲ ಹಾಗೆ ಕೇಳಿಯೇ ಕೂರುತ್ತಾರೆ. ಓಣಿಯಲ್ಲಿ ಹಿರಿಯರ ತಾಟು ಮೊದಲು ತುಂಬುತ್ತದೆ.

ಚಿಗವ್ವ ಉಂಡಳೋ ಇಲ್ಲವೋ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳಲು ಆಕೆ ಇಲ್ಲ.