ತೆರೆದೇ ಇದ್ದ ಪುಟ

ಬೆಳಿಗ್ಗೆ ಎಂಟಕ್ಕೆ ಕಣ್ಣಾಸ್ಪತ್ರೆಯ ಟೋಕನ್ ಪುಟ ಶುರುವಾದಾಗಿನಿಂದ ಅವಳು ಕುರ್ಚಿಯಲ್ಲಿ ಕೂತಿರಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ನೀರಿನ ಕ್ಯಾನಿಗೆ, ಅಲ್ಲಿಂದ ಮತ್ತೆ ಮೇಜಿಗೆ. ಪ್ರತಿ ಸಲವೂ ಬಗ್ಗಿ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತುತ್ತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಮತ್ತೆ ಮೂಡುತ್ತಿತ್ತು. ಅವಳಿಗೆ ತಡವೆಂಬುದೇ ಕಾಣುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ದೂರಿನ ಫೋನುಗಳು ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಲರದೂ ಒಂದೇ ಮಾತು: ಪುಟ ತೆರೆಯುತ್ತಿಲ್ಲ, ಚಕ್ರ ಸುತ್ತುತ್ತಲೇ ಇದೆ.

"ಒಂದ್ ಕಡೆ ಕೂತ್ಕೊಳಮ್ಮ ತಾಯಿ. ಆ ಚಕ್ರಕ್ಕಿಂತ ನಿನ್ನನ್ನ ನೋಡಿದ್ರೇ ತಲೆ ಸುತ್ತುತ್ತೆ," ಎಂದ ಎದುರು ಮೇಜಿನ ಗಡ್ಡ.

ಗಡ್ಡ ಬೋಳಿಸಿ ವರ್ಷಗಳಾದರೂ ಅವನಿಗೆ ಆ ಹೆಸರು ಉಳಿದಿತ್ತು. ಅವಳನ್ನು ಎಲ್ಲರೂ ಪಾದರಸ ಎನ್ನುತ್ತಿದ್ದರು. ಆ ಹೆಸರಿಗೆ ಅವಳು ದಿನವೂ ಪುರಾವೆ ಒದಗಿಸುತ್ತಿದ್ದಳು.

ಅವಳ ಕೆಲಸ ಬಾಗಿಲು ಕಾಯುವುದು. ಟೋಕನ್ ಕೇಳಿ ಬರುವ ಎಲ್ಲರೂ ಮೊದಲು ತಟ್ಟುವುದು ಲೋಡ್ ಬ್ಯಾಲೆನ್ಸರ್ ಎಂಬ ಒಂದೇ ಯಂತ್ರವನ್ನು. ಹೊಸಬರು ಬಂದಾಗ ಅದು ಅವರ ಜೊತೆ ಗುಟ್ಟಿನ ಭಾಷೆಯೊಂದನ್ನು ಹೊಂದಿಸಿಕೊಳ್ಳುತ್ತದೆ. ಆಮೇಲಿನ ಮಾತೆಲ್ಲ ಆ ಭಾಷೆಯಲ್ಲೇ. ನಡುವೆ ಕದ್ದು ಕೇಳುವವರಿಗೆ ಅರ್ಥವಾಗುವುದಿಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಬೀಗ ಎನ್ನುತ್ತಾರೆ. ಭಾಷೆ ಹೊಂದಿದ ಮೇಲೆ ಬಂದವರನ್ನು ಹಿಂದಿರುವ ಸರ್ವರ್‌ಗಳಲ್ಲಿ ಬಿಡುವಾಗಿರುವ ಒಂದಕ್ಕೆ ಕಳಿಸುತ್ತದೆ. ಆ ಸರ್ವರ್‌ಗಳು ಗಡ್ಡನ ಪಾಲು.

"ನನ್ನವು ಆಕಳಿಸ್ತಾ ಕೂತಿವೆ. ನಿನ್ನೆ ಇನ್ನೂ ಎರಡು ಸೇರಿಸಿದೆ. ಈಗ ಅವೂ ಆಕಳಿಸ್ತಿವೆ," ಎಂದ.

"ನನ್ನ ಬಾಗಿಲಿಗೂ ಸುಸ್ತಿಲ್ಲ. ಕಾಲುಭಾಗದ ಕೆಲಸಾನೂ ಮಾಡ್ತಿಲ್ಲ ಅದು."

"ಮತ್ತೆ ಜನ ಎಲ್ಲಿ ನಿಂತಿದಾರೆ?"

ಅವಳು ಬಗ್ಗಿ ಇನ್ನೊಮ್ಮೆ ಗುಂಡಿ ಒತ್ತಿದಳು. ಮತ್ತೆ ಕಿಟಕಿಯ ಕಡೆ ಹೋದಳು.

ಹತ್ತು ಗಂಟೆಯ ಹೊತ್ತಿಗೆ ಆಡಳಿತಾಧಿಕಾರಿಯೇ ಮಹಡಿ ಹತ್ತಿ ಬಂದರು. ಅವರು ಕೂಗಾಡುವವರಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು.

"ಈ ಬೀಗ ಇದ್ರೆ ನಿಧಾನ ಆಗುತ್ತೆ ಅಂತ ಯಾರೋ ಹೇಳಿದ್ರು. ತೆಗೆದುಬಿಡೋಣ."

"ತೆಗೆದ್ರೆ ದಾರಿಯಲ್ಲಿ ಯಾರು ಬೇಕಾದ್ರೂ ಓದಬಹುದು ಸರ್. ಹೆಸರು, ಫೋನ್ ನಂಬರು, ಯಾವ ಕಣ್ಣು, ಏನು ಕಾಯಿಲೆ, ಎಲ್ಲಾ."

"ಕಣ್ಣಿನ ಕಾಯಿಲೆಯಲ್ಲಿ ಏನ್ರೀ ಗುಟ್ಟು?"

"ನಮ್ಮಲ್ಲಿಗೆ ದರ್ಜಿಗಳು ಬರ್ತಾರೆ ಸರ್. ಕಣ್ಣು ಮಂಜಾಗಿದೆ ಅಂತ ಊರಿಗೆಲ್ಲ ಗೊತ್ತಾದ್ರೆ ಅವರ ಕೈಗೆ ಬಟ್ಟೆ ಯಾರು ಕೊಡ್ತಾರೆ?"

ಆಡಳಿತಾಧಿಕಾರಿ ಕನ್ನಡಕ ಹಾಕಿಕೊಂಡರು. "ಪುಟಾನೇ ತೆರೀದಿದ್ರೆ ದರ್ಜಿ ಇಲ್ಲಿಗೆ ಬರೋದಾದ್ರೂ ಹೇಗೆ? ನಾಳೆ ಬೆಳಿಗ್ಗೆವರೆಗೆ ನೋಡ್ತೀನಿ. ನಾಳೆನೂ ಇದೇ ಹಾಡಾದ್ರೆ ಮಧ್ಯಾಹ್ನ ಬೀಗ ತೆಗೆಸ್ತೀನಿ."

ಅವರ ಮಾತಿನಲ್ಲೂ ನ್ಯಾಯವಿತ್ತು. ಅವಳನ್ನು ಹೆಚ್ಚು ಕೊರೆದದ್ದು ಅದೇ.

ಮಧ್ಯಾಹ್ನ ಲ್ಯಾಪ್‌ಟಾಪನ್ನು ಅರ್ಧ ತೆರೆದೇ ಕಂಕುಳಲ್ಲಿ ಹಿಡಿದು, ಫೋನಿನ ಇಂಟರ್ನೆಟ್ಟಿಗೆ ಸಿಕ್ಕಿಸಿಕೊಂಡು, ಎರಡು ಬೀದಿ ಆಚೆಗಿನ ಮನೆಗೆ ಊಟಕ್ಕೆ ನಡೆದಳು. ಮೂರು ಗಂಟೆಗೆ ಸಂಜೆಯ ಟೋಕನ್ ಬಿಡುತ್ತಾರೆ. ಆಗ ಇನ್ನೊಂದು ನೂಕುನುಗ್ಗಲು. ಅದನ್ನು ಮನೆಯಿಂದಲೇ ನೋಡಬೇಕೆಂದಿದ್ದಳು.

ಅಮ್ಮ ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರ ಎಡಗಣ್ಣಿಗೆ ಪೊರೆ ಬಂದು ತಿಂಗಳುಗಳಾಗಿದ್ದವು.

"ಇವತ್ತೂ ಸಿಗಲಿಲ್ಲ. ಮಗಳು ಆಸ್ಪತ್ರೆ ಬಾಗಿಲು ಕಾಯ್ತಾಳೆ, ಹೆತ್ತವಳನ್ನೇ ಒಳಗೆ ಬಿಡಲ್ಲ."

"ಹಿಂದಿನ ಬಾಗಿಲಿಂದ ಬಿಟ್ರೆ ನನ್ನ ಕೆಲಸ ಹೋಗುತ್ತಮ್ಮ. ನಿನ್ನ ಫೋನ್ ಹಳೇದು, ಅದಕ್ಕೇ ಹಾಗೆ. ನೋಡು, ನನಗೆ ಹೇಗೆ ಬರುತ್ತೆ." ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗುಂಡಿ ಒತ್ತಿದಳು. ಪುಟ ತಟ್ಟನೆ ಮೂಡಿತು.

"ನಿನಗೆ ಬರದೇ ಏನು, ನೀನು ಅವರ ಪೈಕಿ," ಎಂದು ಅಮ್ಮ ತಟ್ಟೆ ತಂದಿಟ್ಟರು.

ತೆರೆದಿಟ್ಟ ಯಾವುದನ್ನೂ ಅಮ್ಮನ ಕಣ್ಣು ಸಹಿಸುತ್ತಿರಲಿಲ್ಲ. ನಲ್ಲಿ, ಗ್ಯಾಸಿನ ತಿರುಪು, ಡಬ್ಬಿಯ ಮುಚ್ಚಳ, ಬೀರುವಿನ ಬಾಗಿಲು, ಎಲ್ಲವನ್ನೂ ಮುಚ್ಚುತ್ತ ಬರುತ್ತಿದ್ದರು. ಫೋನನ್ನು ಸಹ ಪ್ರತಿ ಸಲ ಬಳಸಿದ ಮೇಲೆ ಪೂರ್ತಿ ಆರಿಸಿಡುತ್ತಿದ್ದರು. ಅದಕ್ಕೂ ವಿಶ್ರಾಂತಿ ಬೇಡವೇ ಎಂಬುದು ಅವರ ವಾದ. ಮಗಳು ತುತ್ತು ಬಾಯಿಗಿಡದೆ ತೆರೆಯನ್ನೇ ನೋಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದರು.

"ಮೊದಲು ಊಟ."

ಅಮ್ಮನ ಜೊತೆ ವಾದಕ್ಕಿಳಿಯುವುದಕ್ಕಿಂತ ಗಬಗಬನೆ ನುಂಗುವುದೇ ಬೇಗ ಮುಗಿಯುತ್ತದೆ. ನುಂಗಿದಳು. ಕೈ ತೊಳೆದು ಬರುವಷ್ಟರಲ್ಲಿ ಮೂರು ದಾಟಿತ್ತು. ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದಳು.

ಚಕ್ರ ಸುತ್ತಿತು. ಸುತ್ತುತ್ತಲೇ ಇತ್ತು.

ಪಕ್ಕದಲ್ಲಿ ಅಮ್ಮನ ಫೋನಿನಲ್ಲೂ ಚಕ್ರ ಸುತ್ತುತ್ತಿತ್ತು. ಎರಡೂ ಚಕ್ರಗಳನ್ನು ನೋಡುತ್ತ ಅವಳು ಆ ದಿನ ಮೊದಲ ಸಲ ಅಲುಗಾಡದೆ ಕೂತಳು. ಕೊನೆಗೂ ಪುಟ ಬಂತು. ಇನ್ನೊಮ್ಮೆ ಗುಂಡಿ ಒತ್ತಿದಳು. ಈ ಸಲ ತಟ್ಟನೆ ಬಂತು.

ಅಮ್ಮ ಮುಚ್ಚಿದಾಗ ಸಂಪರ್ಕ ಕಡಿದಿತ್ತು; ಅವಳೂ ಹೊಸಬಳಂತೆ ಬಾಗಿಲು ತಟ್ಟಿ ಕಾಯಬೇಕಾಗಿತ್ತು. ಇಷ್ಟು ದಿನ ಅವಳು ಪುಟವನ್ನು ಮುಚ್ಚಿಯೇ ಇರಲಿಲ್ಲ. ರೋಗಿಗಳು ಬರುವುದಕ್ಕೆ ಎಷ್ಟೋ ಮೊದಲೇ ತೆರೆದುಕೊಂಡು, ಗುಟ್ಟಿನ ಭಾಷೆ ಹೊಂದಿಸಿಕೊಂಡು, ಒಳಗೆ ಕೂತುಬಿಡುತ್ತಿದ್ದಳು. ಒಳಗೆ ಕೂತು ಬಾಗಿಲು ಸಲೀಸಾಗಿದೆ ಎಂದು ವರದಿ ಕೊಡುತ್ತಿದ್ದಳು. ಗಡ್ಡನ ಲೆಕ್ಕವೂ ಅಷ್ಟೇ, ಬಾಗಿಲು ದಾಟಿ ಬಂದವರದು. ಹೊಸ್ತಿಲ ಆಚೆ ನಿಂತವರನ್ನು ಯಾರೂ ಅಳೆಯುತ್ತಿರಲಿಲ್ಲ.

ಅಲ್ಲೇ ಕೂತು ಬಾಗಿಲ ಯಂತ್ರದೊಳಗೆ ಹೊಕ್ಕು ಬರೀ ಹೊಸಬರನ್ನು ನೋಡಿದಳು. ಸಾಲು ಬೆಳೆಯುತ್ತಿತ್ತು. ಯಂತ್ರ ಒಂದು ಸೆಕೆಂಡಿಗೆ ಇಂತಿಷ್ಟೇ ಜನರ ಜೊತೆ ಭಾಷೆ ಹೊಂದಿಸಿ, ಉಳಿದವರನ್ನು ನಿಲ್ಲಿಸಿ, ಮುಂದಿನ ಸೆಕೆಂಡಿನವರೆಗೆ ಸುಮ್ಮನೆ ಕೂರುತ್ತಿತ್ತು. ಯಂತ್ರ ಚಿಕ್ಕದಿದ್ದ ಕಾಲದಲ್ಲಿ, ಅದು ಉಸಿರುಗಟ್ಟದಿರಲೆಂದು ಹಾಕಿದ್ದ ಮಿತಿ ಅದು. ಹೋದ ತಿಂಗಳು ಜನ ಹೆಚ್ಚಾಗಿ ದೊಡ್ಡ ಯಂತ್ರ ಬಂದಾಗ ಹಳೆಯದರ ಸೆಟ್ಟಿಂಗನ್ನೆಲ್ಲ ಒಂದಕ್ಷರ ಬಿಡದೆ ಇದಕ್ಕೆ ತಂದವಳು ಅವಳೇ.

ಗಡ್ಡನಿಗೆ ಫೋನ್ ಮಾಡಿದಳು.

"ಸಿಕ್ಕಿತು. ಮಿತಿ ತೆಗೆದುಬಿಡ್ತೀನಿ, ಈಗಲೇ."

"ನಿಧಾನ," ಎಂದ ಗಡ್ಡ.

"ಆ ಮಾತೊಂದು ಬೇಡ. ಬೆಳಿಗ್ಗೆಯಿಂದ ಫೋನಲ್ಲಿ ಅದನ್ನೇ ಕೇಳ್ತಿದೀನಿ."

"ಅವರ ನಿಧಾನ ಬೇರೆ, ನನ್ನ ನಿಧಾನ ಬೇರೆ. ಪೂರ್ತಿ ತೆಗೆದ್ರೆ ಎಲ್ಲಾ ಒಟ್ಟಿಗೆ ನುಗ್ತಾರೆ, ಯಂತ್ರ ಅಂಗಾತ ಬೀಳುತ್ತೆ. ಆಗ ಬೀಗಕ್ಕೇ ಕೆಟ್ಟ ಹೆಸರು. ಹೊಸ ಯಂತ್ರ ಎಷ್ಟು ತಡೆಯುತ್ತೆ ಅಂತ ಮೊದಲು ನೋಡು. ಜನ ಇಳಿದ ಮೇಲೆ ಮುಟ್ಟು."

ಅವಳಿಗೆ ಬೆರಳು ತುರಿಸುತ್ತಿತ್ತು. ಆದರೂ ಆಫೀಸಿಗೆ ಮರಳಿ, ಸಂಜೆಯವರೆಗೆ ಕಾದು, ಬಳಕೆಯಿಲ್ಲದ ಅಂಥದ್ದೇ ಇನ್ನೊಂದು ಯಂತ್ರದ ಮೇಲೆ ಸುಳ್ಳು ಜನಸಂದಣಿ ನುಗ್ಗಿಸಿ ಅಳೆದಳು. ಅದು ತಾಳಿದ್ದರಲ್ಲಿ ಮುಕ್ಕಾಲು ಪಾಲಿಗೆ ಮಿತಿಯನ್ನು ಏರಿಸಿದಳು. ಗಡ್ಡ ಹಿಂದೆ ನಿಂತು ಅಂಕಿಗಳನ್ನು ಎರಡು ಸಲ ಓದಿದ. ನಿಜವಾದ ಜನ ಬರುವವರೆಗೆ ಇನ್ನು ಮಾಡುವುದೇನೂ ಇರಲಿಲ್ಲ. ರಾತ್ರಿ ಮನೆಗೆ ಹೋಗಿ ಅವಳು ಮಲಗಿದಳು, ಎದ್ದಳು, ನೀರು ಕುಡಿದಳು, ಮತ್ತೆ ಮಲಗಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಮೂರನೇ ಮಹಡಿಯಲ್ಲಿರಲಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ, ಪಾರ್ಕಿಂಗ್ ಕಟ್ಟೆಯ ಮೇಲೆ ಅಮ್ಮನ ಪಕ್ಕ ಕೂತು ಅವರ ಫೋನ್ ಆನ್ ಆಗುವುದನ್ನೇ ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದಳು.

"ಕಟ್ಟೆ ನಡುಗ್ತಿದೆ, ಕಾಲು ನಿಲ್ಲಿಸು," ಎಂದ ಅಮ್ಮ ಪುಟದ ಗುರುತು ಒತ್ತಿದರು.

ಪುಟ ತೆರೆಯಿತು. ಅಮ್ಮ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಹೆಸರು ಹಾಕಿದರು. ಮಗಳು ಕೈ ಚಾಚಿದಾಗ ಹೊಡೆದು ಸರಿಸಿದರು. ಟೋಕನ್ ಬಂದ ಮೇಲೆ ಎಂದಿನಂತೆ ಪುಟ ಮುಚ್ಚಿ, ಫೋನ್ ಆರಿಸಿ, ಚೀಲದೊಳಗೆ ಹಾಕಿ ಜಿಪ್ ಎಳೆದರು.

ದೂರಿನ ಕೋಣೆಯ ಫೋನುಗಳು ಆ ದಿನ ಆಗೊಮ್ಮೆ ಈಗೊಮ್ಮೆ ಬಡಿದುಕೊಂಡವು, ಅಷ್ಟೇ. ಹೆಚ್ಚಿನವು ಟೋಕನ್ ಇಷ್ಟು ಬೇಗ ಹೇಗೆ ಖಾಲಿಯಾಯಿತು ಎಂದು ಜಗಳಕ್ಕೆ ಬಂದವು. ಮಧ್ಯಾಹ್ನ ಆಡಳಿತಾಧಿಕಾರಿ ಮಹಡಿ ಹತ್ತಲಿಲ್ಲ. ಬೀಗ ಇದ್ದಲ್ಲೇ ಉಳಿಯಿತು. ಅಮ್ಮನ ಎಡಗಣ್ಣಿನ ತಪಾಸಣೆ ಗುರುವಾರ.